ಓದುಗನ ಏಕಾಂತ

ಓದುವುದು ಒಳ್ಳೆಯದೆಂಬ ವಿಷಯದಲ್ಲಿ ಲೋಕದಲ್ಲಿ ಭಿನ್ನಾಭಿಪ್ರಾಯವಿಲ್ಲ. ಮಗುವಿಗೆ ಅಕ್ಷರಾಭ್ಯಾಸ ಮಾಡಿಸುವ ದಿನ ಮನೆಯವರೆಲ್ಲರೂ ಸೇರಿ ಸಂಭ್ರಮಪಡುತ್ತಾರೆ. ಆದರೆ ಅದೇ ಮಗು ಬೆಳೆದು ದೊಡ್ಡದಾಗಿ, ಮನೆಯಲ್ಲಿ ನಾಲ್ಕು ಜನ ಕೆಲಸದಲ್ಲಿ ತೊಡಗಿರುವಾಗ ಪುಸ್ತಕವನ್ನು ಹಿಡಿದು ಮೂಲೆಯನ್ನು ಸೇರಿ, ಕರೆದರೂ ಓಗೊಡದೆ ಕುಳಿತರೆ, ಅಂದು ಸಂಭ್ರಮಪಟ್ಟವರೇ ಇಂದು ಮುಖ ಗಂಟಿಕ್ಕುತ್ತಾರೆ. ಓದು ಸದ್ಗುಣವಾಗಿದ್ದರೆ ಏಕಾಂತದ ಓದು ದೋಷವಾಗುವುದು ಹೇಗೆ? ದೋಷವೇ ಆಗಿದ್ದರೆ, ಜ್ಞಾನವನ್ನು ಲೋಕಕ್ಕೆ ತಂದುಕೊಟ್ಟ ಮಹನೀಯರೆಲ್ಲರೂ ಆ ದೋಷವನ್ನು ಮಾಡಿದವರೇ ಅಲ್ಲವೆ? ಒಬ್ಬನು ತನ್ನ ಓದಿಗಾಗಿ ಇತರರಿಂದ ದೂರವಾಗುವ ಹಕ್ಕು ಎಷ್ಟರ ಮಟ್ಟಿನದು, ಆ ಹಕ್ಕಿಗೆ ಎದುರಾಗಿ ಅವನ ಮೇಲೆ ಬೀಳುವ ಋಣ ಯಾವುದು ಎಂಬುದು ಮೇಲುನೋಟಕ್ಕೆ ಸಣ್ಣ ಪ್ರಶ್ನೆ. ವಿಚಾರಮಾಡಿದಷ್ಟೂ ಬೆಳೆಯತಕ್ಕ ಪ್ರಶ್ನೆ. ಇದನ್ನು ವಿಚಾರಮಾಡುವುದಕ್ಕೆ ಒಂದು ಚಿತ್ರವನ್ನು ಆಧಾರವಾಗಿಟ್ಟುಕೊಳ್ಳಬಹುದು.

ಇಟಲಿಯ ದಕ್ಷಿಣಕ್ಕಿರುವ ಸಿಸಿಲಿ ದ್ವೀಪದಲ್ಲಿ ಹುಟ್ಟಿದ ಅಂತೋನೆಲ್ಲೊ ದ ಮೆಸ್ಸೀನ ಎಂಬ ಚಿತ್ರಕಾರನು ಸುಮಾರು ೧೪೭೫ರಲ್ಲಿ ಒಂದು ಮರದ ಹಲಗೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆದ ಚಿತ್ರವಿದು. ‘ಅಧ್ಯಯನದ ಕೋಣೆಯಲ್ಲಿ ಸಂತ ಜೆರೋಮ’ ಎಂದು ಇದರ ಹೆಸರು. ೧೮೯೪ರಿಂದ ಇದು ಲಂಡನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿದೆ. ಇದರ ಎತ್ತರ ಸುಮಾರು ೧೮ ಅಂಗುಲ, ಅಗಲ ಸುಮಾರು ೧೪ ಅಂಗುಲ. ಇಷ್ಟು ಸಣ್ಣ ಹಲಗೆಯೊಳಗೆ ಒಂದು ದೊಡ್ಡ ಕಲ್ಲುಕಟ್ಟಡವೇ ಅಡಗಿದೆ. ಮುಂದುಗಡೆ ಕಲ್ಲಿನ ಕಮಾನು; ಅದರ ಹೊಸ್ತಿಲಿನ ಮೇಲೆ ಒಂದು ನವಿಲು, ಒಂದು ಕೌಜುಗ, ಒಂದು ಹಿತ್ತಾಳೆಯ ಬೋಗುಣಿ. ಒಳಗೆ ಚಿತ್ತಾರದ ನೆಲಗಟ್ಟು, ಎತ್ತರವಾದ ಗವಾಕ್ಷಗಳು, ಅವುಗಳಾಚೆ ಹಾರುವ ಹಕ್ಕಿಗಳು, ಬೆಟ್ಟಗುಡ್ಡಗಳು. ಈ ವಿಶಾಲವಾದ ಶಾಲೆಯ ನಡುವೆ ಮೂರು ಮೆಟ್ಟಿಲುಗಳುಳ್ಳ ಒಂದು ಮರದ ಅಟ್ಟಣೆ. ಅದರ ಮೇಲೆ ಕೆಂಪು ನಿಲುವಂಗಿಯನ್ನು ತೊಟ್ಟ ಒಬ್ಬನೇ ಮನುಷ್ಯನು ಕುಳಿತು, ವ್ಯಾಸಪೀಠದಂತಹ ಇಳಿಜಾರು ಮಣೆಯ ಮೇಲೆ ತೆರೆದಿಟ್ಟ ಪುಸ್ತಕವನ್ನು ಓದುತ್ತಿದ್ದಾನೆ. ಸುತ್ತಲೂ ಗೂಡುಗಳಲ್ಲಿ ಪುಸ್ತಕಗಳು, ಕುಂಡದಲ್ಲಿ ಗಿಡ, ಮೊಳೆಗೆ ತೂಗುಹಾಕಿದ ಕೈವಸ್ತ್ರ, ಮುದುರಿ ಕುಳಿತ ಬೆಕ್ಕು. ಬಲಗಡೆಯ ಕಂಬಗಳ ನೆರಳಿನಲ್ಲಿ ಒಂದು ಸಿಂಹ ಮೆಲ್ಲಗೆ ನಡೆದು ಬರುತ್ತಿದೆ.

ಈ ಚಿತ್ರದಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಓದುಗನ ಕೋಣೆಗೆ ಗೋಡೆಗಳಿಲ್ಲ. ಅದು ಕೋಣೆಯೆಂಬುದಕ್ಕಿಂತ ಒಂದು ಕಟ್ಟೆಯೆಂಬುದೇ ಸರಿ. ದೊಡ್ಡ ಕಟ್ಟಡದೊಳಗೆ ಅದು ನಾಲ್ಕೂ ಕಡೆಯ ಗಾಳಿಬೆಳಕಿಗೆ ತೆರೆದುಕೊಂಡಿದೆ. ಎರಡನೆಯದು, ಮೆಟ್ಟಿಲುಗಳ ಬುಡದಲ್ಲಿ ಅವನ ಪಾದರಕ್ಷೆಗಳಿವೆ. ಗುಡಿಯ ಮೆಟ್ಟಿಲನ್ನು ಏರುವ ಭಕ್ತನಂತೆ ಅವನು ಅವುಗಳನ್ನು ಕೆಳಗೆ ಬಿಟ್ಟು ಮೇಲೆ ಹೋಗಿದ್ದಾನೆ. ಇಳಿದಾಗ ಮತ್ತೆ ಮೆಟ್ಟಿಕೊಂಡು ಹೊರಡಬೇಕಾದವನು. ಮೂರನೆಯದು, ಅವನು ಪ್ರೇಕ್ಷಕನ ಕಡೆಗೆ ತಿರುಗಿಲ್ಲ. ಪಕ್ಕದಿಂದ ಮಾತ್ರ ಅವನ ಮುಖ ಕಾಣುತ್ತದೆ. ಹೊಸ್ತಿಲಿನ ಈಚೆ ನಿಂತು ಯಾರು ನೋಡಿದರೂ, ನೋಡದೆ ಹೋದರೂ, ಅವನಿಗೆ ಅದರ ಪರಿವೆಯಿಲ್ಲ.

ಜೆರೋಮನು ಐತಿಹಾಸಿಕ ವ್ಯಕ್ತಿ. ಕ್ರಿಸ್ತಶಕ ನಾಲ್ಕನೆಯ ಶತಮಾನದ ಮಧ್ಯದಲ್ಲಿ ಹುಟ್ಟಿ ೪೨೦ರಲ್ಲಿ ತೀರಿಕೊಂಡನು. ರೋಮಿನ ಧರ್ಮಗುರುವಾದ ದಮಾಸಸನ ಪ್ರೇರಣೆಯಿಂದ ೩೮೨ರ ಸುಮಾರಿಗೆ ಬೈಬಲ್ಲಿನ ಲ್ಯಾಟಿನ್ ಪಾಠವನ್ನು ತಿದ್ದುವ ಕಾರ್ಯಕ್ಕೆ ತೊಡಗಿ, ೩೮೬ರಲ್ಲಿ ಬೆತ್ಲೆಹೇಮನ್ನು ಸೇರಿ, ಹೀಬ್ರೂ ಮೂಲದಿಂದಲೇ ಭಾಷಾಂತರಿಸುತ್ತ ಬಾಳಿದನು. ಸಿಂಹದ ಕಾಲಿನ ಮುಳ್ಳನ್ನು ತೆಗೆದನೆಂಬ ಕಥೆ ಮುಂದಿನವರು ಕಟ್ಟಿದ್ದು. ಕೆಂಪು ನಿಲುವಂಗಿಯೂ ಹಾಗೆಯೇ. ಆತನು ಆ ಪದವಿಯನ್ನು ಎಂದೂ ಪಡೆದವನಲ್ಲ, ಆತನ ಕಾಲದಲ್ಲಿ ಆ ಉಡುಪೂ ಇರಲಿಲ್ಲ. ಆದರೆ ಚಿತ್ರಕಾರನ ಅಭಿಪ್ರಾಯ ಸ್ಪಷ್ಟವಾಗಿದೆ: ಅರಸನು ಸಿಂಹಾಸನದ ಮೇಲೆ ಕುಳಿತರೆ ಎಷ್ಟು ಗೌರವವೋ, ಒಬ್ಬನು ಪುಸ್ತಕದ ಮುಂದೆ ಕುಳಿತರೂ ಅಷ್ಟೇ ಗೌರವ.

ಕೊಪ್ಪಳ ಸೀಮೆಯಲ್ಲಿ ಚಿತ್ರಕಲೆಗೆ ಕೊರತೆಯಿಲ್ಲ. ಕೊಪ್ಪಳ ಭಾಗ್ಯನಗರಗಳಿಗೆ ಸಮೀಪದ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಹಗುರವಾದ ಮರದಲ್ಲಿ ದೇವತಾಮೂರ್ತಿಗಳನ್ನು ಕಡೆದು ಬಣ್ಣವಿಡುವ ಕೆಲಸವನ್ನು ತಲೆತಲಾಂತರದಿಂದ ನಡೆಯಿಸಿಕೊಂಡು ಬಂದಿದ್ದಾರೆ. ಅವರ ಪೂರ್ವಿಕರು ವಿಜಯನಗರದ ಗುಡಿಗಳಲ್ಲಿ ದುಡಿದವರೆಂಬ ನಂಬಿಕೆ ಇದೆ. ಕಿನ್ನಾಳದ ದೇವಿಯಾಗಲಿ ಗರುಡನಾಗಲಿ ನೋಡುವವನ ಕಡೆಗೆ ಅರಳಿದ ಕಣ್ಣುಗಳಿಂದ ನೇರವಾಗಿ ನೋಡುತ್ತಿರುವುದು ವಾಚಕರಿಗೆ ತಿಳಿದ ಸಂಗತಿ. ಆ ಮೂರ್ತಿಗಳು ಇರುವುದೇ ಭಕ್ತನ ದರ್ಶನಕ್ಕಾಗಿ. ಇನ್ನು ಆನೆಗೊಂದಿಯಿಂದ ತುಂಗಭದ್ರೆಯನ್ನು ದಾಟಿ ಹಂಪೆಗೆ ಹೋದರೆ, ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ರಂಗಮಂಟಪವು ಕಾಣುತ್ತದೆ. ಅದರ ಮೇಲ್ಛಾವಣಿಯ ವರ್ಣಚಿತ್ರಗಳು ಯಾವ ಕಾಲದವೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಅವುಗಳಲ್ಲಿ ಒಂದು ವಿದ್ಯಾರಣ್ಯರದೆಂಬುದು ಪ್ರಸಿದ್ಧವಾಗಿದೆ. ‘ಪಂಚದಶೀ’ಯನ್ನು ಬರೆದ, ೧೩೮೦ರಿಂದ ೧೩೮೬ರವರೆಗೆ ಶೃಂಗೇರಿಯ ಪೀಠದಲ್ಲಿದ್ದ ಆ ಮಹಾ ಅಧ್ಯಯನಶೀಲರನ್ನು ಚಿತ್ರಕಾರನು ಪಲ್ಲಕ್ಕಿಯಲ್ಲಿ ಕುಳ್ಳಿರಿಸಿ, ಮುಂದೆ ಹಿಂದೆ ವಾದ್ಯಗಾರರನ್ನೂ ಪರಿವಾರವನ್ನೂ ನಿಲ್ಲಿಸಿ, ಮೆರವಣಿಗೆ ಹೊರಡಿಸಿದ್ದಾನೆ. ಇಟಲಿಯವನು ಪಂಡಿತನನ್ನು ಪುಸ್ತಕದೊಡನೆ ಒಬ್ಬನನ್ನೇ ಬಿಟ್ಟನು. ಹಂಪೆಯವನು ಪಂಡಿತರನ್ನು ಜನಸ್ತೋಮದ ಹೆಗಲಿನ ಮೇಲೆ ಏರಿಸಿದನು.

ಈ ವ್ಯತ್ಯಾಸವು ಕೇವಲ ಕುಂಚದ ವ್ಯತ್ಯಾಸವಲ್ಲ. ಕನ್ನಡ ನಾಡಿನಲ್ಲಿ ಓದು ಎಂಬುದು ಬಹುಕಾಲ ಕಿವಿಗಳ ವ್ಯವಹಾರವಾಗಿತ್ತು. ಒಬ್ಬನು ಓದಬೇಕು, ಹತ್ತು ಜನ ಕೇಳಬೇಕು. ಪುರಾಣ ಹೇಳುವವರಿಗೆ ದತ್ತಿ ಬಿಟ್ಟ ಶಾಸನಗಳು ನಾಡಿನಲ್ಲಿ ಅನೇಕವಾಗಿವೆ. ೧೧೧೨ರಲ್ಲಿ ಮಹಾದೇವ ದಂಡನಾಯಕನು ಇಟಗಿಯಲ್ಲಿ ಕಟ್ಟಿಸಿದ ದೇವಾಲಯದ ಬಹುಸ್ತಂಭಗಳ ತೆರೆದ ಮಂಟಪದಲ್ಲಿ ನಿಂತು ನೋಡಿದರೆ, ಅದು ಒಬ್ಬನ ಧ್ಯಾನಕ್ಕಾಗಿ ಅಲ್ಲ, ನೂರು ಜನ ಕುಳಿತು ಕೇಳುವುದಕ್ಕಾಗಿಯೇ ರೂಪುಗೊಂಡ ಸ್ಥಳವೆಂದು ತೋರುವುದು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡಿಗೆ ಎಲ್ಲೆಗಳನ್ನು ಹೇಳುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳೊಡನೆ ಕೊಪಣ ನಗರವನ್ನು, ಎಂದರೆ ಇಂದಿನ ಕೊಪ್ಪಳವನ್ನು, ಹೆಸರಿಸುತ್ತದೆ, ಈ ನಾಡಿನ ಜನರು ಪ್ರಯತ್ನಪೂರ್ವಕವಾಗಿ ಓದದೆಯೇ ಕಾವ್ಯದ ಬಳಕೆಯಲ್ಲಿ ನುರಿತವರೆಂದು ಹೊಗಳುತ್ತದೆ. ಓದದೆಯೇ ನುರಿತವರಾಗುವುದು ಕೇಳಿದ್ದರಿಂದಲ್ಲದೆ ಮತ್ತಾವುದರಿಂದ? ಅಂತಹ ನಾಡಿನಲ್ಲಿ ಬಾಗಿಲು ಹಾಕಿಕೊಂಡು ಒಬ್ಬನೇ ಓದುವವನು, ಪಂಕ್ತಿಯನ್ನು ಬಿಟ್ಟು ಒಳಗೆ ಹೋಗಿ ಒಬ್ಬನೇ ಉಣ್ಣುವವನಂತೆ ಕಂಡಿದ್ದರೆ ಆಶ್ಚರ್ಯವೇನು? ತನಗಾಗಿ ಮಾತ್ರ ಅಡಿಗೆ ಮಾಡಿಕೊಳ್ಳುವುದನ್ನು ಗೀತೆಯೂ ಪಾಪವೆಂದೇ ಎಣಿಸಿದೆ.

ಏಕಾಂತದ ಓದಿಗೆ ಇದು ಮೊದಲನೆಯ ಆಕ್ಷೇಪ. ಎರಡನೆಯ ಆಕ್ಷೇಪವು ಇದಕ್ಕಿಂತ ಸೂಕ್ಷ್ಮವಾದದ್ದು. ಅದನ್ನು ಎತ್ತಿದವರು ಪಲ್ಲಕ್ಕಿಯಲ್ಲಿ ಕುಳಿತ ಆ ವಿದ್ಯಾರಣ್ಯರೇ. ‘ಜೀವನ್ಮುಕ್ತಿವಿವೇಕ’ದಲ್ಲಿ ಅವರು ಮನುಷ್ಯನನ್ನು ಕಟ್ಟಿಹಾಕುವ ವಾಸನೆಗಳನ್ನು ವಿಂಗಡಿಸುವಾಗ, ಲೋಕದ ಹೊಗಳಿಕೆಯ ಆಸೆ, ದೇಹದ ಮೋಹ, ಇವುಗಳ ಜೊತೆಗೆ ಶಾಸ್ತ್ರವಾಸನೆಯನ್ನೂ ಇಟ್ಟಿದ್ದಾರೆ. ಓದಿನ ವ್ಯಸನಕ್ಕೆ ಅವರು ಕೊಡುವ ಉದಾಹರಣೆ ಭರದ್ವಾಜ ಋಷಿ. ಮೂರು ಆಯುಷ್ಯಗಳನ್ನು ವೇದಾಧ್ಯಯನದಲ್ಲಿಯೇ ಕಳೆದು ಮುದುಕನಾಗಿ ಮಲಗಿದ್ದ ಆತನ ಬಳಿಗೆ ಇಂದ್ರನು ಬಂದು, ನಾಲ್ಕನೆಯ ಆಯುಷ್ಯವನ್ನು ಕೊಟ್ಟರೆ ಏನು ಮಾಡುವೆ ಎಂದು ಕೇಳಿದನಂತೆ. ಮತ್ತೆ ಓದುವೆನೆಂದು ಆತನು ಹೇಳಿದನಂತೆ. ಆಗ ಇಂದ್ರನು ಮೂರು ಪರ್ವತಗಳನ್ನು ತೋರಿಸಿ, ಒಂದೊಂದರಿಂದ ಒಂದೊಂದು ಹಿಡಿ ಮಣ್ಣನ್ನು ತೆಗೆದು, ಇದುವರೆಗೆ ಕಲಿತದ್ದು ಇಷ್ಟು, ಉಳಿದದ್ದು ಅಷ್ಟು ಎಂದನು. ಬಹುಶಾಸ್ತ್ರಗಳ ವ್ಯಸನಕ್ಕೆ ದುರ್ವಾಸರು ಉದಾಹರಣೆ. ಅವರು ಪುಸ್ತಕಗಳ ಹೊರೆಯನ್ನು ಹೊತ್ತು ಮಹಾದೇವನ ಸಭೆಗೆ ಬಂದಾಗ, ನಾರದರು ಅವರನ್ನು ಭಾರ ಹೊತ್ತ ಕತ್ತೆಗೆ ಹೋಲಿಸಿದರು. ದುರ್ವಾಸರು ಸಿಟ್ಟಿನಿಂದ ಪುಸ್ತಕಗಳನ್ನೆಲ್ಲ ಸಮುದ್ರಕ್ಕೆ ಎಸೆದರು. ಅನಂತರವೇ ಅವರಿಗೆ ಆತ್ಮವಿದ್ಯೆಯ ಉಪದೇಶವಾಯಿತು.

ಹೀಗೆ ಎರಡು ಆಕ್ಷೇಪಗಳು: ಏಕಾಂತದ ಓದು ಇತರರಿಗೆ ಸಲ್ಲಬೇಕಾದುದನ್ನು ತಾನೊಬ್ಬನೇ ಉಣ್ಣುವ ಜಿಪುಣತನ, ಓದುವವನಿಗೂ ಅದು ಬಂಧನ. ಇವುಗಳಿಗೆ ಉತ್ತರವಿಲ್ಲವೆ?

ಉಂಟು. ದುರ್ವಾಸರ ಕಥೆಯನ್ನು ವಿದ್ಯಾರಣ್ಯರು ಲೋಕಕ್ಕೆ ಹೇಳಬೇಕಾದರೆ, ಎಷ್ಟೋ ಗ್ರಂಥಗಳನ್ನು ಅವರು ಒಬ್ಬರೇ ಕುಳಿತು ತಿರುವಿಹಾಕಿರಬೇಕು. ಓದಿನ ಮಿತಿಯನ್ನು ಓದಿದವನೇ ತೋರಿಸಿಕೊಡಬಲ್ಲನು. ಅದಲ್ಲದೆ, ಸಭೆಯಲ್ಲಿ ಕೇಳುವುದಕ್ಕೂ ಏಕಾಂತದಲ್ಲಿ ಓದುವುದಕ್ಕೂ ಒಂದು ಮುಖ್ಯವಾದ ಅಂತರವಿದೆ. ಸಭೆಯಲ್ಲಿ ಹಿಂದಿನ ಪುಟವನ್ನು ತಿರುಗಿಸುವಂತಿಲ್ಲ. ಸಂಶಯ ಬಂದಲ್ಲಿ ನಿಲ್ಲುವಂತಿಲ್ಲ. ಎಲ್ಲರೂ ತಲೆದೂಗಿದಾಗ ತಾನೊಬ್ಬನು ಸುಮ್ಮನಿರುವುದು ಕಷ್ಟ. ಎಲ್ಲರೂ ನಕ್ಕಾಗ ನಗದಿರುವುದು ಇನ್ನೂ ಕಷ್ಟ. ಏಕಾಂತದಲ್ಲಾದರೋ ನೆರೆಯವನ ಮುಖವನ್ನು ನೋಡಿ ಅಭಿಪ್ರಾಯವನ್ನು ಮಾಡಿಕೊಳ್ಳುವ ಉಪಾಯವಿಲ್ಲ. ಗ್ರಂಥವು ಚುಚ್ಚಿದರೆ ಚುಚ್ಚಿಸಿಕೊಳ್ಳಬೇಕು, ಅರ್ಥವಾಗದಿದ್ದರೆ ಅರ್ಥವಾಗಲಿಲ್ಲವೆಂದು ತನಗೆ ತಾನೇ ಒಪ್ಪಿಕೊಳ್ಳಬೇಕು. ಈ ಪ್ರಾಮಾಣಿಕತೆಯನ್ನು ಜನಸಮೂಹವು ಯಾರಿಗೂ ಕಲಿಸಲಾರದು.

ಜೆರೋಮನ ಕಾಲದಲ್ಲಿಯೇ ನಡೆದ ಒಂದು ಸಂಗತಿ ಇದಕ್ಕೆ ನಿದರ್ಶನವಾಗಿದೆ. ಬೈಬಲ್ಲಿನ ಯೋನನ ಕಥೆಯಲ್ಲಿ ಪ್ರವಾದಿಗೆ ನೆರಳು ಕೊಟ್ಟ ಒಂದು ಗಿಡದ ಪ್ರಸ್ತಾಪವಿದೆ. ಹಳೆಯ ಲ್ಯಾಟಿನ್ ಪಾಠದಲ್ಲಿ ಅದು ಸೋರೆಬಳ್ಳಿ. ಜೆರೋಮನು ಹೀಬ್ರೂ ಮೂಲವನ್ನು ನೋಡಿ, ಆ ಶಬ್ದವನ್ನು ಬಿಟ್ಟು ಬೇರೊಂದು ಬಳ್ಳಿಯ ಹೆಸರನ್ನು ಇಟ್ಟನು. ಆಫ್ರಿಕದ ಉತ್ತರ ತೀರದ ಓಯ ಎಂಬ ಪಟ್ಟಣದಲ್ಲಿ ಈ ಹೊಸ ಪಾಠವನ್ನು ಓದಿದಾಗ ಜನರಲ್ಲಿ ದೊಡ್ಡ ಗದ್ದಲವೆದ್ದಿತೆಂದು ಸಂತ ಆಗಸ್ಟೀನನು ೪೦೩ರಲ್ಲಿ ಜೆರೋಮನಿಗೆ ಕಾಗದ ಬರೆದನು. ತಲೆಮಾರುಗಳಿಂದ ಕೇಳಿ ಕಿವಿಗೆ ಪಳಗಿದ ಶಬ್ದವನ್ನು ಬಿಟ್ಟುಕೊಡಲು ಜನರು ಒಪ್ಪಲಿಲ್ಲ. ಮೂಲದ ಗಿಡವು ಔಡಲವಿರಬಹುದೆಂದು ಮುಂದಿನ ಅನೇಕ ವಿದ್ವಾಂಸರ ಅಭಿಪ್ರಾಯ. ಹಾಗಾದರೆ ಇಬ್ಬರ ಶಬ್ದವೂ ಸರಿಯಾದುದಲ್ಲ. ಆದರೂ ಭೇದವಿದೆ. ಜನರ ತಪ್ಪನ್ನು ತಿದ್ದುವ ದಾರಿ ಜನರ ಕೂಗಿನಲ್ಲಿರಲಿಲ್ಲ. ಜೆರೋಮನ ತಪ್ಪನ್ನು ತಿದ್ದುವ ದಾರಿ ಅವನು ತೆರೆದಿಟ್ಟ ಮೂಲಗ್ರಂಥದಲ್ಲಿಯೇ ಇತ್ತು. ಇನ್ನೊಬ್ಬನು ಬಂದು, ಅದೇ ರೀತಿ ಒಬ್ಬನೇ ಕುಳಿತು, ಅದೇ ಪುಟವನ್ನು ನೋಡಿ ಅವನನ್ನು ತಿದ್ದಬಹುದಾಗಿತ್ತು.

ಆದುದರಿಂದ ಏಕಾಂತದ ಓದನ್ನು ದೋಷವೆನ್ನಲಾಗದು. ಹಾಗೆಂದು ಅದನ್ನು ತನ್ನಷ್ಟಕ್ಕೇ ಪುಣ್ಯವೆನ್ನುವುದೂ ಸರಿಯಲ್ಲ. ಚಿತ್ರಕಾರನು ಕುಳಿತ ಭಂಗಿಯನ್ನು ಬರೆಯಬಲ್ಲನೇ ಹೊರತು ಓದನ್ನು ಬರೆಯಲಾರನು. ಪುಸ್ತಕದ ಮುಂದೆ ಕುಳಿತವನ ಮನಸ್ಸು ಪುಸ್ತಕದಲ್ಲಿದೆಯೋ, ಸಂತೆಯಲ್ಲಿದೆಯೋ, ತನ್ನ ಹಿರಿಮೆಯಲ್ಲಿದೆಯೋ, ನೋಡಿದವರಿಗೆ ತಿಳಿಯುವ ಬಗೆಯಿಲ್ಲ. ಛಾಯಾಚಿತ್ರಗಳು ಹೊಸದಾಗಿ ಬಂದ ಕಾಲದಲ್ಲಿ ಗೃಹಸ್ಥನನ್ನು ಕುರ್ಚಿಯ ಮೇಲೆ ಕುಳ್ಳಿರಿಸಿ, ಕೈಗೆ ಒಂದು ಪುಸ್ತಕವನ್ನು ಕೊಟ್ಟು, ಹೆಂಡತಿಯನ್ನು ಪಕ್ಕದಲ್ಲಿ ನಿಲ್ಲಿಸಿ ಪಟವನ್ನು ತೆಗೆಯಿಸುವ ಪದ್ಧತಿ ಅನೇಕ ಮನೆಗಳಲ್ಲಿತ್ತು. ಇಂದಿಗೂ ಹಳೆಯ ಮನೆಗಳ ಗೋಡೆಗಳ ಮೇಲೆ ಅಂತಹ ಪಟಗಳು ಕಾಣುತ್ತವೆ. ಆ ಪುಸ್ತಕವು ಓದುವುದಕ್ಕಾಗಿ ಇದ್ದದ್ದಲ್ಲ. ಓದಿದವನೆಂದು ತೋರಿಸಿಕೊಳ್ಳುವುದಕ್ಕಾಗಿ ಇದ್ದದ್ದು. ಅಂತೋನೆಲ್ಲೊನ ಓದುಗನು ಪ್ರೇಕ್ಷಕನ ಕಡೆಗೆ ತಿರುಗದೆ ಇರುವುದರ ಬೆಲೆ ಇಲ್ಲಿ ಗೊತ್ತಾಗುತ್ತದೆ.

ಪಟದಲ್ಲಿ ಪಕ್ಕಕ್ಕೆ ನಿಂತಿರುವ ಆ ಹೆಣ್ಣುಮಗಳು ಇನ್ನೊಂದು ಪ್ರಶ್ನೆಯನ್ನೂ ಎತ್ತುತ್ತಾಳೆ. ಒಬ್ಬನ ಏಕಾಂತಕ್ಕೆ ಬೆಲೆಯನ್ನು ತೆರುವವರು ಯಾರು? ಜೆರೋಮನ ಚಿತ್ರದಲ್ಲಿ ಒಬ್ಬನೇ ಇದ್ದಾನೆ. ಚರಿತ್ರೆಯಲ್ಲಿ ಅವನು ಒಬ್ಬನೇ ಇರಲಿಲ್ಲ. ರೋಮಿನ ಶ್ರೀಮಂತ ಮನೆತನದ ಪೌಲಾ ಎಂಬ ವಿಧವೆಯೂ ಆಕೆಯ ಮಗಳು ಯೂಸ್ಟೋಕಿಯಮಳೂ ಆತನೊಡನೆ ಬೆತ್ಲೆಹೇಮಿಗೆ ಬಂದರು. ಅಲ್ಲಿಯ ಮಠಗಳನ್ನು ಕಟ್ಟಿಸುವುದಕ್ಕೆ ಪೌಲಾಳ ಹಣವೇ ಆಧಾರವಾಯಿತು. ಅವರಿಬ್ಬರೂ ಹೀಬ್ರೂ ಭಾಷೆಯನ್ನು ಕಲಿತು ಆತನೊಡನೆ ಗ್ರಂಥವಿಚಾರ ಮಾಡುತ್ತಿದ್ದರು. ಆತನು ತನ್ನ ಹಲವು ಕೃತಿಗಳನ್ನು ಅವರಿಗೇ ಅರ್ಪಿಸಿದ್ದಾನೆ. ಚಿತ್ರಕಾರನು ನವಿಲಿಗೂ ಬೆಕ್ಕಿಗೂ ಸ್ಥಳವನ್ನು ಕೊಟ್ಟನು. ಆ ತಾಯಿಮಗಳಿಗೆ ಮಾತ್ರ ಕೊಡಲಿಲ್ಲ.

ಇದು ದೂರದೇಶದ ಮಾತಾಗಿ ಉಳಿಯುವುದಿಲ್ಲ. ಭಾಗ್ಯನಗರದಂತಹ ನೇಕಾರರ ಊರಿನಲ್ಲಿ ಮಗ್ಗವೇ ಮನೆಯ ನಡುವಿನ ಜಾಗವನ್ನು ಹಿಡಿದಿರುವಾಗ, ಓದುವ ಹುಡುಗನಿಗೆ ಒಂದು ಮೂಲೆಯೂ ಒಂದು ದೀಪವೂ ಸಿಕ್ಕಬೇಕಾದರೆ ಮನೆಯ ಉಳಿದವರು ಅಷ್ಟರಮಟ್ಟಿಗೆ ಒತ್ತರಿಸಿಕೊಳ್ಳಬೇಕು. ತಂದೆ ಲಾಳಿಯನ್ನು ಎಸೆಯುತ್ತಿದ್ದರೆ ಮಗನ ಕೈಯಲ್ಲಿ ಪುಸ್ತಕವಿರಲು ಸಾಧ್ಯ. ತಂಗಿ ಕಂಡಿಕೆ ಸುತ್ತುತ್ತಿದ್ದರೆ ಅಣ್ಣನಿಗೆ ಪರೀಕ್ಷೆಯ ಪಾಠ ಸಾಧ್ಯ. ಅನುಕೂಲವುಳ್ಳ ಮನೆಗಳಲ್ಲಿಯೂ ಯಜಮಾನನು ಮಹಡಿಯ ಮೇಲೆ ಓದುತ್ತಿದ್ದಾನೆಂದರೆ, ಕೆಳಗೆ ಗೃಹಿಣಿಯು ಮಕ್ಕಳ ಗಲಾಟೆಯನ್ನು ಸೆರಗಿನಲ್ಲಿ ಅಡಗಿಸಿಕೊಂಡಿದ್ದಾಳೆಂದೇ ಅರ್ಥ. ಏಕಾಂತವೆಂಬುದು ಓದುಗನು ತಾನಾಗಿ ಸಂಪಾದಿಸಿದ ಸೊತ್ತಲ್ಲ. ಇತರರು ಅವನಿಗೆ ಕೊಟ್ಟ ಸಾಲ. ಕೊಟ್ಟವರು ಕೇಳದಿರಬಹುದು, ಪಡೆದವನು ಮರೆಯಬಾರದು.

ಹಾಗಾದರೆ ಆ ಸಾಲವನ್ನು ತೀರಿಸುವ ಬಗೆಯೇನು? ಈ ದೇಶದ ಹಳೆಯ ವಿಚಾರಪದ್ಧತಿಯು ಇದಕ್ಕೆ ಒಂದು ದಾರಿಯನ್ನು ತೋರಿಸಿದೆ. ಮನುಷ್ಯನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಹುಟ್ಟುತ್ತಾನೆಂದೂ, ಅವುಗಳಲ್ಲಿ ಋಷಿಋಣವು ಅಧ್ಯಯನದಿಂದ ತೀರತಕ್ಕದ್ದೆಂದೂ ತೈತ್ತಿರೀಯ ಸಂಹಿತೆಯು ಹೇಳುತ್ತದೆ. ಈ ಶಾಖೆಯ ಆರಣ್ಯಕವು ಸ್ವಾಧ್ಯಾಯಕ್ಕೆ ಊರನ್ನು ಬಿಟ್ಟು, ಮನೆಗಳ ಮಾಡುಗಳು ಕಣ್ಣಿಗೆ ಕಾಣದಷ್ಟು ದೂರ ಹೋಗಬೇಕೆಂದು ವಿಧಿಸುತ್ತದೆ. ಏಕಾಂತದ ಓದಿಗೆ ಇದಕ್ಕಿಂತ ಸ್ಪಷ್ಟವಾದ ಸಮ್ಮತಿ ಬೇಕೆ? ಆದರೆ ಇದೇ ಶಾಖೆಯ ಉಪನಿಷತ್ತು ಸತ್ಯ, ತಪಸ್ಸು, ದಮ, ಶಮ, ಅತಿಥಿಸತ್ಕಾರ ಮುಂತಾದ ಧರ್ಮಗಳನ್ನು ಒಂದೊಂದಾಗಿ ಹೇಳುವಾಗ, ಪ್ರತಿಯೊಂದರ ಜೊತೆಗೂ ಸ್ವಾಧ್ಯಾಯವನ್ನೂ ಪ್ರವಚನವನ್ನೂ ಜೋಡಿಸಿ ಹೇಳುತ್ತದೆ. ತಾನು ಓದುವುದು, ಇತರರಿಗೆ ಹೇಳುವುದು; ಇವೆರಡೂ ಉಸಿರನ್ನು ಒಳಗೆಳೆದುಕೊಳ್ಳುವುದು, ಹೊರಬಿಡುವುದು ಇದ್ದಂತೆ. ಒಳಗೆಳೆದ ಉಸಿರನ್ನು ಹಿಡಿದೇ ಕುಳಿತವನು ಬದುಕಲಾರನು. ಒಳಗೆಳೆದುಕೊಳ್ಳದವನಿಗೆ ಹೊರಬಿಡುವುದಕ್ಕೇ ಏನೂ ಇರದು. ಸಿದ್ಧತೆಯಿಲ್ಲದೆ ವೇದಿಕೆಯನ್ನು ಏರುವ ಉಪನ್ಯಾಸಕರಿಗೆ ಈ ಎರಡನೆಯ ಮಾತು ಅನ್ವಯಿಸುತ್ತದೆ.

ಕೊಪ್ಪಳದ ಪಶ್ಚಿಮಕ್ಕಿರುವ ಗದುಗಿನ ವೀರನಾರಾಯಣ ದೇವಾಲಯದಲ್ಲಿ ಒಂದು ಕಂಬವನ್ನು ಕುಮಾರವ್ಯಾಸನ ಕಂಬವೆಂದು ಜನರು ತೋರಿಸುತ್ತಾರೆ. ಅದಕ್ಕೆ ಒರಗಿ ಕುಳಿತು, ಒದ್ದೆಯ ಬಟ್ಟೆ ಆರುವವರೆಗೆ ಆತನು ಭಾರತವನ್ನು ರಚಿಸುತ್ತಿದ್ದನೆಂದು ಐತಿಹ್ಯ. ಐತಿಹ್ಯದ ಸತ್ಯಾಸತ್ಯಗಳು ಹೇಗೇ ಇರಲಿ, ಜನರ ಕಲ್ಪನೆಯು ಕವಿಯನ್ನು ಕಲ್ಲಿನ ಕಂಬದ ಬಳಿ ಒಬ್ಬನನ್ನೇ ಕುಳ್ಳಿರಿಸಿತೆಂಬುದು ವಿಚಾರಾರ್ಹವಾಗಿದೆ. ಅಂತೋನೆಲ್ಲೊನ ಚಿತ್ರಕ್ಕೆ ಸಮಾನವಾದ ಚಿತ್ರವು ಈ ಕಡೆಯಲ್ಲಿ ಬಣ್ಣದಲ್ಲಿಲ್ಲದಿದ್ದರೂ ಹೀಗೆ ಬಾಯಿಮಾತಿನಲ್ಲಿದೆ. ಆ ಏಕಾಂತದಲ್ಲಿ ಹುಟ್ಟಿದ ಕಾವ್ಯವು ಗಮಕಿಗಳ ಕಂಠದಿಂದ ಊರೂರಿನ ಕಟ್ಟೆಗಳನ್ನು ಸೇರಿತು. ಅಕ್ಷರವನ್ನರಿಯದವರ ನಾಲಗೆಯ ಮೇಲೆಯೂ ನಿಂತಿತು. ಕಂಬದ ಬಳಿಯ ಮೌನವಿಲ್ಲದಿದ್ದರೆ ಕಟ್ಟೆಯ ಹಾಡಿಲ್ಲ.

ಗದುಗಿನ ನೆರೆಯ ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ಅತ್ತಿಮಬ್ಬೆಯ ಕಥೆ ಇದಕ್ಕೆ ಇನ್ನೊಂದು ಮುಖವನ್ನು ಒದಗಿಸುತ್ತದೆ. ಆಕೆ ಪೊನ್ನನ ‘ಶಾಂತಿಪುರಾಣ’ದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ರನ್ನಕವಿಯು ೯೯೩ರಲ್ಲಿ ಮುಗಿಸಿದ ‘ಅಜಿತಪುರಾಣ’ದಲ್ಲಿ ಆಕೆಯ ಶೀಲದ ನೈರ್ಮಲ್ಯವನ್ನು ಕೊಪಣಾಚಲದ ಪಾವಿತ್ರ್ಯಕ್ಕೆ ಹೋಲಿಸಿದ್ದಾನೆ. ಒಂದೊಂದು ಓಲೆಯನ್ನೂ ಕೈಯಿಂದ ಕೊರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ ಎಷ್ಟು ಕೈಗಳ ಎಷ್ಟು ದಿನಗಳ ದುಡಿಮೆ! ಸಭೆಯಲ್ಲಿ ಓದಿಸುವುದೇ ಆಕೆಯ ಉದ್ದೇಶವಾಗಿದ್ದರೆ ಊರಿಗೊಂದು ಪ್ರತಿ ಸಾಕಾಗಿತ್ತು. ಗ್ರಂಥವು ಒಬ್ಬೊಬ್ಬರ ಕೈಗೂ ಹೋಗಿ, ಒಬ್ಬೊಬ್ಬರ ಬಳಿಯಲ್ಲಿಯೂ ಇರಲೆಂಬ ಔದಾರ್ಯವು ಆ ಸಂಖ್ಯೆಯಲ್ಲಿ ತೋರುತ್ತದೆ. ಓದಿನ ಋಣವನ್ನು ತೀರಿಸುವ ಉತ್ತಮ ಮಾರ್ಗವು ಇನ್ನೊಬ್ಬರಿಗೆ ಓದುವ ಏಕಾಂತವನ್ನು ಒದಗಿಸಿಕೊಡುವುದೇ ಎಂದು ಆಕೆಯ ದಾನದಿಂದ ತಿಳಿಯಬಹುದು.

ಇಲ್ಲಿಯವರೆಗಿನದು ನೆಮ್ಮದಿಯ ಕಾಲದ ಮಾತು. ನಿಜವಾದ ಪರೀಕ್ಷೆಯು ಬೇರೆ ಸಮಯದಲ್ಲಿ ಬರುತ್ತದೆ. ೪೧೦ರಲ್ಲಿ ಗಾಥರು ರೋಮ ನಗರವನ್ನು ಸೂರೆಮಾಡಿದರು. ಮನೆಮಾರುಗಳನ್ನು ಕಳೆದುಕೊಂಡ ಜನರು ಸಮುದ್ರವನ್ನು ದಾಟಿ ಪೂರ್ವದೇಶಗಳಿಗೆ ಓಡಿಬಂದರು. ಅವರಲ್ಲಿ ಅನೇಕರು ಬೆತ್ಲೆಹೇಮಿನ ಮಠದ ಬಾಗಿಲಿಗೂ ಬಂದರು. ನಿನ್ನೆಯ ಶ್ರೀಮಂತರು ಇಂದು ಅನ್ನವನ್ನು ಬೇಡುತ್ತಿದ್ದರು. ಆಗ ಜೆರೋಮನು ಎಜೆಕಿಯಲ್ ಎಂಬ ಪ್ರವಾದಿಯ ಗ್ರಂಥಕ್ಕೆ ವ್ಯಾಖ್ಯಾನವನ್ನು ಬರೆಯುತ್ತಿದ್ದನು. ಆತನು ಅದನ್ನು ಬದಿಗಿಟ್ಟನು. ಈಗ ಧರ್ಮಗ್ರಂಥದ ಮಾತುಗಳನ್ನು ಕಾರ್ಯವನ್ನಾಗಿ ಭಾಷಾಂತರಿಸತಕ್ಕ ಕಾಲವೆಂಬ ಅಭಿಪ್ರಾಯವನ್ನು ಆತನೇ ಆ ವ್ಯಾಖ್ಯಾನದ ಒಂದು ಪೀಠಿಕೆಯಲ್ಲಿ ಬರೆದಿದ್ದಾನೆ. ಆಯುಷ್ಯವೆಲ್ಲ ಶಬ್ದದಿಂದ ಶಬ್ದಕ್ಕೆ ಭಾಷಾಂತರಿಸಿದವನು ಅಂದು ಶಬ್ದದಿಂದ ಕ್ರಿಯೆಗೆ ಭಾಷಾಂತರಿಸಲು ಎದ್ದನು. ಚಿತ್ರದಲ್ಲಿ ಮೆಟ್ಟಿಲಿನ ಬುಡದಲ್ಲಿರುವ ಪಾದರಕ್ಷೆಗಳನ್ನು ಆತನು ಮೆಟ್ಟಿಕೊಂಡ ದಿನ ಅದು. ಆಮೇಲೆ ಮತ್ತೆ ಅವನ್ನು ಕಳಚಿಟ್ಟು ಮೇಲೆ ಏರಿ, ವ್ಯಾಖ್ಯಾನವನ್ನೂ ಮುಗಿಸಿದನು.

ಆದರೆ ಈ ದೃಷ್ಟಾಂತದಿಂದ ಅವಸರದ ಸಿದ್ಧಾಂತವನ್ನು ಮಾಡಬಾರದು. ಬಾಗಿಲಿಗೆ ಬಂದವರೆಲ್ಲರೂ ನಿರಾಶ್ರಿತರಲ್ಲ. ಕರೆದವರೆಲ್ಲರಿಗೂ ಎದ್ದುಬರಬೇಕೆಂದರೆ ಲೋಕದಲ್ಲಿ ಒಂದು ಗ್ರಂಥವೂ ಪೂರ್ತಿಯಾಗುತ್ತಿರಲಿಲ್ಲ. ಆಗಸ್ಟೀನನು ತನ್ನ ಆತ್ಮಚರಿತ್ರೆಯಲ್ಲಿ ಮಿಲಾನಿನ ಧರ್ಮಾಧ್ಯಕ್ಷನಾದ ಆಂಬ್ರೋಸನ ವಿಷಯವನ್ನು ಬರೆದಿದ್ದಾನೆ. ಆಂಬ್ರೋಸನು ತುಟಿಯಲುಗಿಸದೆ ಮೌನವಾಗಿ ಓದುತ್ತಿದ್ದನು. ಅವನ ಬಾಗಿಲು ಯಾರಿಗೂ ಮುಚ್ಚಿರಲಿಲ್ಲ. ಹೇಳಿಕಳುಹಿಸದೆಯೇ ಒಳಗೆ ಹೋಗಬಹುದಾಗಿತ್ತು. ಹೋದವರು ಅವನ ಮಗ್ನತೆಯನ್ನು ನೋಡಿ, ಬಹಳ ಹೊತ್ತು ಸುಮ್ಮನೆ ಕುಳಿತು, ಕೆಡಿಸಲು ಮನಸ್ಸು ಬಾರದೆ ಹಿಂದಿರುಗುತ್ತಿದ್ದರು. ತನ್ನ ಮನಸ್ಸಿನ ತಳಮಳವನ್ನು ತೋಡಿಕೊಳ್ಳಬೇಕೆಂದು ಹೋದ ಆಗಸ್ಟೀನನೂ ಹಾಗೆಯೇ ಹಿಂದಿರುಗಿದನು. ಇಲ್ಲಿ ತಪ್ಪು ಯಾರದು? ಇಡೀ ದಿನ ಜನರ ವ್ಯವಹಾರಗಳಲ್ಲಿ ಸವೆದು, ಸಿಕ್ಕಿದ ಅಲ್ಪಕಾಲದಲ್ಲಿ ಓದುತ್ತಿದ್ದ ಆಂಬ್ರೋಸನದೆನ್ನುವಂತಿಲ್ಲ. ಬಾಗಿಲನ್ನು ತೆರೆದಿಡುವುದು ಓದುಗನ ಧರ್ಮವಾದರೆ, ತೆರೆದ ಬಾಗಿಲಿನಲ್ಲಿ ಕ್ಷಣಕಾಲ ನಿಂತು ತನ್ನ ಅಗತ್ಯವನ್ನು ತೂಗಿನೋಡುವುದು ಬಂದವನ ಧರ್ಮ.

ಹೀಗೆ ನೋಡಿದರೆ 'ಯಾವಾಗ ಏಳಬೇಕು' ಎಂಬುದಕ್ಕೆ ಒಂದೇ ಸೂತ್ರವಿಲ್ಲ. ಆದರೂ ಎರಡು ಮಾತುಗಳನ್ನು ಹೇಳಬಹುದು. ಒಂದು, ತನ್ನ ಏಕಾಂತದಿಂದ ಇತರರಿಗೆ ಆಗುವ ನಷ್ಟವನ್ನು ಓದುಗನು ತಾನೊಬ್ಬನೇ ತೂಗಬಾರದು. ಏಕೆಂದರೆ ಓದಿನ ಸವಿಯಲ್ಲಿರುವವನ ತಕ್ಕಡಿ ತನ್ನ ಕಡೆಗೇ ಬಾಗುವುದು ಸ್ವಭಾವ. ಅವನ ಪರವಾಗಿ ದುಡಿಯುವವರು ಏನೆನ್ನುತ್ತಾರೆಂಬುದನ್ನೂ ಕೇಳಬೇಕು. ಎರಡು, ಏಕಾಂತವು ಒಂದೇ ಕಡೆಯಲ್ಲಿ ನಿಲ್ಲಬಾರದು. ಅಣ್ಣನು ಓದಿದ ಮೂಲೆಯು ತಂಗಿಗೂ ದೊರೆಯಬೇಕು. ಯಜಮಾನನು ಒಂದು ಗಂಟೆ ಓದಿದರೆ ಗೃಹಿಣಿಯು ಓದುವ ಗಂಟೆಯಲ್ಲಿ ಮಕ್ಕಳನ್ನು ಅವನು ನೋಡಿಕೊಳ್ಳಬೇಕು. ಒಂದು ಮನೆಯು ವಿದ್ಯಾವಂತವೆಂಬುದಕ್ಕೆ ಕಪಾಟಿನ ಪುಸ್ತಕಗಳ ಎಣಿಕೆ ಪ್ರಮಾಣವಲ್ಲ. ಆ ಮನೆಯಲ್ಲಿ ಕರೆಗೆ ಓಗೊಡದೆ ಒಂದು ಗಂಟೆ ಕುಳಿತು ಓದುವ ಸ್ವಾತಂತ್ರ್ಯವು ಎಷ್ಟು ಜನರಿಗಿದೆ ಎಂಬುದೇ ಪ್ರಮಾಣ.

ಈ ಸೀಮೆಯು ೧೯೪೮ರವರೆಗೆ ನಿಜಾಮರ ಆಳಿಕೆಯಲ್ಲಿತ್ತು. ಆಡಳಿತದ ಭಾಷೆ ಉರ್ದುವಾಗಿದ್ದು ಕನ್ನಡದ ಓದಿಗೆ ಆಸರೆ ವಿರಳವಾಗಿತ್ತು. ಈಗ ಪುಸ್ತಕ ಪತ್ರಿಕೆಗಳಿಗೆ ಕೊರತೆಯಿಲ್ಲ; ಅಂಗೈಯಗಲದ ಯಂತ್ರದಲ್ಲಿ ಲೋಕದ ಬರಹವೆಲ್ಲ ದೊರೆಯುತ್ತದೆ. ಒಂದೇ ಕೋಣೆಯಲ್ಲಿ ಮನೆಯ ಐವರೂ ಐದು ಕಡೆ ತಲೆಬಾಗಿಸಿ ಕುಳಿತಿರುವ ನೋಟವು ಸಾಮಾನ್ಯವಾಗಿದೆ. ಇದನ್ನು ಏಕಾಂತವೆನ್ನಬಹುದೆ? ಏಕಾಂತವೆಂದರೆ ಒಂದೇ ಗುರಿಯಲ್ಲಿ ಕೊನೆಗಾಣುವಿಕೆ. ಕ್ಷಣಕ್ಕೊಂದು ಕಡೆ ಜಾರುವ ಕಣ್ಣಿಗೆ ಆ ಗುರಿಯಿಲ್ಲ. ಜೊತೆಯವರ ಸಂಗವೂ ಇಲ್ಲ. ಸಭೆಯ ಲಾಭವನ್ನೂ ಏಕಾಂತದ ಲಾಭವನ್ನೂ ಒಟ್ಟಿಗೆ ಕಳೆದುಕೊಂಡ ಸ್ಥಿತಿಯನ್ನು ಒಂಟಿತನವೆನ್ನಬೇಕಲ್ಲದೆ ಏಕಾಂತವೆನ್ನಲಾಗದು.

ಓದುಗನು ಏರಿ ಕುಳಿತ ಕಟ್ಟೆಯು ನೆಲಕ್ಕಿಂತ ಮೂರೇ ಮೆಟ್ಟಿಲಷ್ಟು ಮೇಲಿದೆ. ಅದು ಬೆಟ್ಟದ ಗವಿಯಲ್ಲ, ಕೋಟೆಯ ಬುರುಜೂ ಅಲ್ಲ. ಇಷ್ಟಾದರೂ ಮೇಲೆ ಹೋಗದಿದ್ದರೆ ಗದ್ದಲದಲ್ಲಿ ಗ್ರಂಥದ ಮಾತು ಕೇಳಿಸದು. ಇದಕ್ಕಿಂತ ಮೇಲೆ ಹೋದರೆ ಕೆಳಗಿನವರ ಮಾತು ಕೇಳಿಸದು. ಎರಡೂ ಕೇಳಿಸುವ ಎತ್ತರದಲ್ಲಿ ಕುಳಿತು ಓದುವವನ ಏಕಾಂತವನ್ನು ಮನೆಯವರೂ ಊರವರೂ ಸಂತೋಷದಿಂದ ಕಾಯುವರು. ಏಕೆಂದರೆ ಅವನು ಇಳಿದು ಬರತಕ್ಕವನೆಂಬುದು ಅವರಿಗೆ ಗೊತ್ತಿರುತ್ತದೆ.